ಮದುವೆ ತಡ ಮಾಡುವ ವಿಧಾನ: ಪ್ರೇಮ ಕಾದಂಬರಿ ಬಳಕೆದಾರರ ಕೈಪಿಡಿ

ಪ್ರೇಮ ಕಾದಂಬರಿಯನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ಬಳಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಓದದೆ ಸೀದಾ ಕೊನೆಯ ಪುಟಕ್ಕೆ ಹಾರುವ ಅಭ್ಯಾಸ ಇದ್ದವರಿಗೂ ನಮ್ಮ ಅಭ್ಯಂತರವಿಲ್ಲ. ಕೊನೆಯ ಪುಟದಲ್ಲಿ ಏನಾಗುತ್ತದೆ ಎಂದು ಮೊದಲೇ ಗೊತ್ತಿದ್ದೇ ಜನ ಈ ಸಾಮಾನನ್ನು ಕೊಳ್ಳುತ್ತಾರೆ.

ಪೆಟ್ಟಿಗೆಯಲ್ಲಿ ಏನೇನಿದೆ

ನಾಯಕಿ ಒಬ್ಬಳು. ನಾಯಕ ಒಬ್ಬ. ಕೆಲವು ಮಾದರಿಗಳಲ್ಲಿ ಇಬ್ಬರೂ ನಾಯಕಿಯರೇ, ಇನ್ನು ಕೆಲವುಗಳಲ್ಲಿ ಇಬ್ಬರೂ ನಾಯಕರೇ. ಜೋಡಿಸುವ ಕ್ರಮ ಬದಲಾಗುವುದಿಲ್ಲ. ಅಡ್ಡಿ ಒಂದು. ಸುಖಾಂತ್ಯ ಒಂದು, ಸೀಲ್ ಮಾಡಿದ ಲಕೋಟೆಯಲ್ಲಿ.

ನಾಯಕನ ಗೆಳೆಯ, ನಾಯಕಿಯ ತಂಗಿ ಪೆಟ್ಟಿಗೆಯಲ್ಲಿ ಇದ್ದರೆ ಬಿಸಾಡಬೇಡಿ. ಅವರು ಮುಂದಿನ ಪುಸ್ತಕದ ಬಿಡಿಭಾಗಗಳು.

1980ರಲ್ಲಿ ಶುರುವಾದ ಅಮೆರಿಕದ ರೊಮಾನ್ಸ್ ಲೇಖಕರ ಸಂಘ ಈ ಸಾಮಾನಿಗೆ ಎರಡೇ ಷರತ್ತು ಹಾಕಿತ್ತು. ಪ್ರೇಮವೇ ಕಥೆಯ ನಡುಮನೆಯಲ್ಲಿ ಕೂತಿರಬೇಕು. ಮುಗಿಯುವ ಹೊತ್ತಿಗೆ ಓದುಗರ ಮನಸ್ಸು ತಣಿದು, ಇವರಿಬ್ಬರ ಬಾಳು ನೆಟ್ಟಗಾದೀತು ಎಂಬ ಭರವಸೆ ಹುಟ್ಟಬೇಕು. ಪಳಗಿದ ಓದುಗರು ಇದನ್ನು ಎಚ್‌ಇಎ ಎನ್ನುತ್ತಾರೆ: ಕೊನೆತನಕ ಸುಖ. ಸ್ವಲ್ಪ ಅಗ್ಗದ್ದು ಎಚ್‌ಎಫ್‌ಎನ್: ಸದ್ಯಕ್ಕೆ ಸುಖ. ಎರಡೂ ಇಲ್ಲದ ಪುಸ್ತಕವನ್ನು ಪ್ರೇಮ ಕಾದಂಬರಿ ಎಂದು ಮಾರಿದರೆ ಗಿರಾಕಿಗಳ ಕೋಪ ಹೇಗಿರುತ್ತದೆಂದರೆ, ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರನ ಹೆಸರು ಹೇಳದೆ ಮುಗಿಸಿದರೂ ಅಷ್ಟು ಬೈಸಿಕೊಳ್ಳುವುದಿಲ್ಲ.

ಇಡೀ ಯಂತ್ರದಲ್ಲಿ ನಿಜವಾಗಿ ದುಡಿಯುವ ಭಾಗ ಅಡ್ಡಿ ಒಂದೇ. ಇವರಿಬ್ಬರಿಗೂ ಒಪ್ಪಿಗೆ ಇದೆ ಅನ್ನುವುದು ಇಪ್ಪತ್ತನೇ ಪುಟದೊಳಗೆ ಅವರಿಬ್ಬರನ್ನು ಬಿಟ್ಟು ಮಿಕ್ಕ ಎಲ್ಲರಿಗೂ ಗೊತ್ತಾಗಿರುತ್ತದೆ. ಅಡ್ಡಿಯನ್ನು ಕಿತ್ತುಹಾಕಿ ನೋಡಿ: ಸಿಕ್ಕರು, ಕಾಫಿ ಕುಡಿದರು, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋದರು, ಮುಗಿಯಿತು. ಇನ್ನೂರು ಪುಟ ಎಲ್ಲಿಂದ ತರುತ್ತೀರಿ? ರಕ್ಷಾಪುಟದ ಮೇಲೆ ಕಾಣುವ ಉದ್ದನೆಯ ಕೋಟು, ಸ್ಟೆತೊಸ್ಕೋಪು, ಕೋರೆಹಲ್ಲು, ಕೌಬಾಯ್ ಟೊಪ್ಪಿಗೆ ಎಲ್ಲ ಬರೀ ಬಣ್ಣ. ಮಾದರಿ ಯಾವುದು ಎಂದು ತಿಳಿಯಲು ಒಂದೇ ಪ್ರಶ್ನೆ ಕೇಳಿ: ಇವರ ಮದುವೆ ಯಾಕೆ ಇವತ್ತೇ ಆಗುತ್ತಿಲ್ಲ?

ತಯಾರಕರ ಬಗ್ಗೆ

ಈ ಉದ್ಯಮದ ಅತಿ ಪ್ರಸಿದ್ಧ ಹೆಸರು ಮಿಲ್ಸ್ ಅಂಡ್ ಬೂನ್. ಜೆರಾಲ್ಡ್ ಮಿಲ್ಸ್, ಚಾರ್ಲ್ಸ್ ಬೂನ್ ಎಂಬಿಬ್ಬರು 1908ರಲ್ಲಿ ಲಂಡನ್ನಿನಲ್ಲಿ ತೆರೆದ ಅಂಗಡಿ ಅದು. ಮೊದಲು ಎಲ್ಲ ಥರದ ಪುಸ್ತಕವನ್ನೂ ಹಾಕುತ್ತಿದ್ದರು. ಜಾಕ್ ಲಂಡನ್ನನ ಪುಸ್ತಕಗಳೂ ಅವರಲ್ಲಿ ಬಂದವು. 1930ರ ದಶಕದಲ್ಲಿ ಬಾಡಿಗೆ ಗ್ರಂಥಾಲಯಗಳಿಗೆ ಏನು ಬೇಕು ಅನ್ನುವುದು ಅರ್ಥವಾಯಿತು. ಕಂದು ಬಣ್ಣದ ಬೈಂಡಿನ ಪ್ರೇಮ ಕಾದಂಬರಿ ವಾರವಾರ ಹೋಗಿ ಕಪಾಟು ತುಂಬತೊಡಗಿತು. ಓದುಗರು ಲೇಖಕಿಯ ಹೆಸರು ಹೇಳಿ ಕೇಳುತ್ತಿರಲಿಲ್ಲ, ‘ಆ ಕಂದು ಪುಸ್ತಕ ಹೊಸದು ಬಂತಾ’ ಅನ್ನುತ್ತಿದ್ದರು. 1971ರಲ್ಲಿ ಕೆನಡಾದ ಹಾರ್ಲೆಕ್ವಿನ್ ಇದನ್ನು ಕೊಂಡಿತು, 2014ರಲ್ಲಿ ಹಾರ್ಲೆಕ್ವಿನ್ನನ್ನು ಹಾರ್ಪರ್‌ಕಾಲಿನ್ಸ್ ಕೊಂಡಿತು. ಭಾರತದಲ್ಲಿ ಕಚೇರಿ ತೆರೆದದ್ದು 2008ರಲ್ಲಿ. ನಮ್ಮವರು ಅದಕ್ಕೆ ಎಷ್ಟೋ ದಶಕ ಮೊದಲೇ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ದಿನದ ಬಾಡಿಗೆ ಕೊಟ್ಟು ಅದನ್ನು ಓದಿ ಮುಗಿಸಿದ್ದರು.

ಅಂಥ ಲೈಬ್ರರಿಯ ಪ್ರತಿಯೊಂದು ಸಿಕ್ಕರೆ ಸುಮ್ಮನೆ ತಿರುವಿಹಾಕಿ. ಬೆನ್ನಿಗೆ ಎರಡು ಸುತ್ತು ಸೆಲ್ಲೋಟೇಪು, ಅದು ಹಳದಿಯಾಗಿ ಸಿಬಿರೆದ್ದಿರುತ್ತದೆ. ಹಿಂದಿನ ಚೀಟಿಯಲ್ಲಿ ನೇರಳೆ ಶಾಯಿಯ ತಾರೀಕುಗಳು ಒಂದರ ಮೇಲೊಂದು ಒರಗಿಕೊಂಡು ನಿಂತಿರುತ್ತವೆ. ಒಳಗೆ ಯಾವುದೋ ಪುಟದ ಮೂಲೆಯಲ್ಲಿ ಪೆನ್ಸಿಲಿನ ಒಂದು ಸಣ್ಣ ‘ಸ’, ಪಕ್ಕದಲ್ಲೇ ಒಂದು ಚುಕ್ಕೆ, ಇನ್ನೊಂದು ಕೈಯ ತ್ರಿಕೋನ. ಕಿಡಿಗೇಡಿ ಮಕ್ಕಳ ಕೆಲಸ ಅಂದುಕೊಳ್ಳಬೇಡಿ. ‘ಇದನ್ನು ನಾನು ಓದಿಯಾಗಿದೆ, ಮತ್ತೆ ತಗೊಂಡು ಹೋಗಬಾರದು’ ಎಂದು ಓದುಗಿತ್ತಿಯರು ತಮಗೆ ತಾವೇ ಬಿಟ್ಟುಕೊಂಡ ಗುರುತು ಅದು. ಹೆಸರು, ರಕ್ಷಾಪುಟ, ಕಥೆ ಮೂರರಿಂದಲೂ ಯಾವುದು ಓದಿದ್ದು ಯಾವುದು ಓದದ್ದು ಎಂದು ಹೇಳಲಾಗದ ಸಾಹಿತ್ಯಕ್ಕೆ ಇದಕ್ಕಿಂತ ಚೊಕ್ಕವಾದ ಕ್ಯಾಟಲಾಗು ಇನ್ನೊಂದಿಲ್ಲ.

ಬಳಸುವ ವಿಧಾನ

ಪುಸ್ತಕವನ್ನು ಮುಖದ ಎದುರು ಎತ್ತಿ ಹಿಡಿಯಿರಿ. ಇಷ್ಟೇ. ಅಮೆರಿಕದ ಜಾನಿಸ್ ರಾಡ್‌ವೇ ಎಂಬ ವಿದುಷಿ ಒಂದು ಊರಿನ ರೊಮಾನ್ಸ್ ಓದುಗಿತ್ತಿಯರನ್ನು ಕೂರಿಸಿ ಮಾತಾಡಿಸಿ 1984ರಲ್ಲಿ ಒಂದು ಪುಸ್ತಕ ಬರೆದರು. ಅದರಿಂದ ತಿಳಿದದ್ದು: ಈ ಹೆಂಗಸರಿಗೆ ಕಥೆಯಷ್ಟೇ ಮುಖ್ಯವಾದದ್ದು ಓದುವ ಕೆಲಸ. ಗಂಡ, ಮಕ್ಕಳು, ಒಲೆ ಎಲ್ಲಕ್ಕೂ ‘ಈಗ ನಾನಿಲ್ಲ’ ಎಂದು ಹೇಳುವ ಬೋರ್ಡು ಅದು. ನಮ್ಮಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಊಟದ ತಟ್ಟೆ ತೊಳೆದ ಮೇಲೆ, ಸಂಜೆಯ ಕಾಫಿಗೆ ಮೊದಲು, ಗೋಡೆಗೊರಗಿ ಕಾಲು ಚಾಚಿ ಹಿಡಿದ ವಾರಪತ್ರಿಕೆಯೂ ಅದೇ ಬೋರ್ಡು. ಇದರ ಬಗ್ಗೆ ತಮಾಷೆ ಮಾಡುವವರು ಕ್ರಿಕೆಟ್ ಪಂದ್ಯದ ಮರುಪ್ರಸಾರ ನೋಡುವುದನ್ನು ಮೊದಲು ನಿಲ್ಲಿಸಿ ಬರಬೇಕಾಗಿ ವಿನಂತಿ. ಅಲ್ಲೂ ಕೊನೆ ಗೊತ್ತೇ ಇರುತ್ತದೆ.

ರೀಜೆನ್ಸಿ ಮಾದರಿ

ಅಡ್ಡಿ: ಮರ್ಯಾದೆ. ಇಂಗ್ಲೆಂಡಿನ ಮೂರನೇ ಜಾರ್ಜ್ ದೊರೆಗೆ ಬುದ್ಧಿಭ್ರಮಣೆಯಾಗಿ, ಮಗ ರಾಜಪ್ರತಿನಿಧಿಯಾಗಿ ರಾಜ್ಯಭಾರ ನಡೆಸಿದ್ದು 1811ರಿಂದ 1820ರವರೆಗೆ. ಈ ಒಂಬತ್ತು ವರ್ಷಗಳೊಳಗೆ ಸಾವಿರಾರು ಕಾದಂಬರಿಗಳು ತುರುಕಿಕೊಂಡು ಕೂತಿವೆ. ಜೇನ್ ಆಸ್ಟೆನ್ ಬರೆದದ್ದು ಆ ಕಾಲದಲ್ಲೇ. ಆಕೆಗೆ ಅದು ಇವತ್ತಿನ ಕಥೆ. ಅದನ್ನು ಹಿಂದಿನ ಕಾಲದ ಸೊಗಸಾಗಿ ಮಾರಾಟಕ್ಕಿಟ್ಟವರು ಜಾರ್ಜೆಟ್ ಹೇಯರ್. 1935ರ ‘ರೀಜೆನ್ಸಿ ಬಕ್’ ಈ ಮಾದರಿಗೆ ಅಚ್ಚು ಹೊಯ್ದುಕೊಟ್ಟಿತು. ಆಕೆಯ ಸಂಶೋಧನೆ ಎಷ್ಟು ಗಟ್ಟಿಯೆಂದರೆ ವಾಟರ್‌ಲೂ ಯುದ್ಧದ ಸುತ್ತ ಹೆಣೆದ ‘ಆನ್ ಇನ್‌ಫೇಮಸ್ ಆರ್ಮಿ’ಯನ್ನು ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯಲ್ಲಿ ಓದಲು ಹೇಳುತ್ತಿದ್ದರಂತೆ. ಮದುವೆ ಕಾದಂಬರಿಯಿಂದ ಯುದ್ಧ ಕಲಿಯುವುದರಲ್ಲಿ ನಮಗೇನೂ ಆಶ್ಚರ್ಯವಿಲ್ಲ.

ನಡೆಸುವ ಕ್ರಮ: ನಾಯಕಿಯನ್ನು ಬಾಲ್ ಡ್ಯಾನ್ಸಿಗೆ ಬಿಡಿ. ನಾಯಕ ಡ್ಯೂಕ್ ಆಗಿರಲಿ. ಆ ಕಾಲದ ಇಂಗ್ಲೆಂಡಿನಲ್ಲಿ ಇದ್ದ ಅಸಲಿ ಡ್ಯೂಕರು ಕೆಲವೇ ಮಂದಿ, ಬಹುಪಾಲು ವಯಸ್ಸಾದವರು, ಮದುವೆಯಾದವರು. ಕಾದಂಬರಿಗಳಲ್ಲಿ ಮೂವತ್ತರ ಹರೆಯದ ಅವಿವಾಹಿತ ಡ್ಯೂಕರ ಒಂದು ಪಡೆಯೇ ಇದೆ. ತೋಟದಲ್ಲಿ ಇಬ್ಬರೇ ಹತ್ತು ನಿಮಿಷ ನಿಂತದ್ದನ್ನು ಯಾರಾದರೂ ಕಂಡರೆ ಸಾಕು, ಅಡ್ಡಿ ಚಾಲೂ.

ಅಸಲಿ ಡ್ಯೂಕನೊಬ್ಬನನ್ನು ಪರೀಕ್ಷಿಸಿ ನೋಡುವ ಇಚ್ಛೆಯಿದ್ದರೆ ಶ್ರೀರಂಗಪಟ್ಟಣಕ್ಕೆ ಹೋಗಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅಲ್ಲಿನ ಉಸ್ತುವಾರಿ ಸಿಕ್ಕಿದ್ದು ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ. ಆತ ವಾಸಕ್ಕಿದ್ದದ್ದು ದರಿಯಾ ದೌಲತ್‌ನಲ್ಲಿ. ಮುಂದೆ 1814ರಲ್ಲಿ, ರೀಜೆನ್ಸಿಯ ನಟ್ಟನಡುವೆ, ಅವನೇ ವೆಲ್ಲಿಂಗ್ಟನ್ ಡ್ಯೂಕ್ ಆದ. ಭಾರತಕ್ಕೆ ಬರುವ ಮುನ್ನ ಕಿಟ್ಟಿ ಪಾಕೆನ್‌ಹ್ಯಾಮ್ ಎಂಬ ಹುಡುಗಿಯನ್ನು ಕೇಳಿದ್ದ. ಈ ಹುಡುಗನಿಗೆ ಮುಂದೆ ಬರುವ ಲಕ್ಷಣವಿಲ್ಲ ಎಂದು ಅವಳ ಮನೆಯವರು ಕಳಿಸಿಬಿಟ್ಟರು. ಇಲ್ಲಿ ಯುದ್ಧ ಗೆದ್ದು, ಹಣ ಮಾಡಿ, ಹೆಸರು ಮಾಡಿ, ತಿರುಗಿ ಹೋಗಿ 1806ರಲ್ಲಿ ಅವಳನ್ನೇ ಮದುವೆಯಾದ. ಇದಕ್ಕಿಂತ ಒಳ್ಳೆಯ ‘ಎರಡನೇ ಅವಕಾಶ’ದ ಕಥಾಹಂದರ ಯಾವ ಲೇಖಕಿಗೂ ಹೊಳೆಯಲಾರದು. ಸಂಸಾರ ಮಾತ್ರ ಇಬ್ಬರಿಗೂ ಬೇವಿನ ಕಷಾಯವಾಯಿತು. ನಿಜವಾದ ಡ್ಯೂಕರಿಗೆ ನಮ್ಮ ವಾರಂಟಿ ಅನ್ವಯಿಸುವುದಿಲ್ಲ.

ಗಾಥಿಕ್ ಮಾದರಿ

ಅಡ್ಡಿ: ಮನೆ. ರಕ್ಷಾಪುಟ ನೋಡಿದರೆ ಸಾಕು. ಕತ್ತಲು, ಗಾಳಿ. ಉದ್ದನೆಯ ತೆಳು ನಿಲುವಂಗಿಯ ಯುವತಿ ನಮ್ಮ ಕಡೆಗೆ ಓಡಿ ಬರುತ್ತಿದ್ದಾಳೆ, ಆದರೆ ಮುಖ ಹಿಂದಕ್ಕೆ ತಿರುಗಿದೆ. ಬರಿಗಾಲು. ಹಿಂದೆ ಗುಡ್ಡದ ಮೇಲೆ ದೊಡ್ಡ ಬಂಗಲೆ, ಅದರ ಮೇಲಂತಸ್ತಿನಲ್ಲಿ ಒಂದೇ ಒಂದು ಕಿಟಕಿಯಲ್ಲಿ ದೀಪ. 1960ರ ದಶಕದ ಪೇಪರ್‌ಬ್ಯಾಕುಗಳಲ್ಲಿ ಈ ಹೆಂಗಸು ನಿಲ್ಲದೆ ಓಡಿದಳು. ಆ ಓಟವನ್ನು ಶುರುಮಾಡಿಸಿದ್ದು ವಿಕ್ಟೋರಿಯಾ ಹೋಲ್ಟ್ ಹೆಸರಲ್ಲಿ 1960ರಲ್ಲಿ ಬಂದ ‘ಮಿಸ್ಟ್ರೆಸ್ ಆಫ್ ಮೆಲ್ಲಿನ್’. ಹೋಲ್ಟ್ ಅನ್ನುವವರು ಇರಲಿಲ್ಲ. ಬರೆದವರು ಎಲೀನರ್ ಹಿಬ್ಬರ್ಟ್. ರಾಜರಾಣಿಯರ ಕಥೆಗೆ ಜೀನ್ ಪ್ಲೇಡಿ, ಗಾಥಿಕ್‌ಗೆ ವಿಕ್ಟೋರಿಯಾ ಹೋಲ್ಟ್ ಎಂದು ಒಂದೇ ಕೈ ಬೇರೆ ಬೇರೆ ಲೇಬಲ್ಲು ಅಂಟಿಸುತ್ತಿತ್ತು.

ಮೂಲ ವಿನ್ಯಾಸ ಷಾರ್ಲೆಟ್ ಬ್ರಾಂಟಿಯದು: 1847ರ ‘ಜೇನ್ ಐರ್’. ಮನೆಪಾಠದ ಬಡ ಹುಡುಗಿ, ಗಂಟುಮುಖದ ಯಜಮಾನ, ಅಟ್ಟದಲ್ಲಿ ಬೀಗ ಹಾಕಿದ ಮೊದಲ ಹೆಂಡತಿ. ಈ ಮಾದರಿಯನ್ನು ನಮ್ಮಲ್ಲಿ ಜೋಡಿಸಲು ಹೊರಟವರಿಗೆ ಎದುರಾಗುವ ತೊಡಕು ಅಟ್ಟದ್ದು. ಮಲೆನಾಡಿನ ಅಟ್ಟಕ್ಕೆ ದಿನಕ್ಕೆ ನಾಲ್ಕು ಸಲ ಯಾರಾದರೂ ಹತ್ತುತ್ತಾರೆ, ಹುಣಸೆಹಣ್ಣಿಗೋ ತೆಂಗಿನಕಾಯಿಗೋ. ಅಲ್ಲಿ ಗುಟ್ಟು ಅನ್ನುವುದು ಅರ್ಧ ಗಂಟೆ ನಿಲ್ಲುವುದಿಲ್ಲ. ಅಟ್ಟದಲ್ಲಿದ್ದವಳ ಪರವಾಗಿ ಜೀನ್ ರೀಸ್ 1966ರಲ್ಲಿ ‘ವೈಡ್ ಸರ್ಗಾಸೋ ಸೀ’ ಬರೆದರು. ಅದನ್ನು ಓದಿದ ಮೇಲೆ ಮೂಲ ಮಾದರಿ ಮೊದಲಿನ ಹಾಗೆ ಓಡುವುದಿಲ್ಲ, ತಯಾರಕರು ಜವಾಬ್ದಾರರಲ್ಲ.

ಆಸ್ಪತ್ರೆ ಮಾದರಿ

ಅಡ್ಡಿ: ಡ್ಯೂಟಿ. ಇದು ನಮ್ಮ ಅತ್ಯಂತ ನೆಚ್ಚಿನ ಮಾದರಿ, ಪಕ್ಷಪಾತ ಎಂದರೂ ಸರಿಯೇ. ಯಾಕೆಂದರೆ ಉಳಿದ ಎಲ್ಲ ಮಾದರಿಗಳಲ್ಲಿ ನಾಯಕಿಗೆ ಪ್ರೇಮ ಬಿಟ್ಟು ಬೇರೆ ಕೆಲಸವಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಇಲ್ಲಿ ಅವಳು ನೈಟ್ ಡ್ಯೂಟಿ ಮುಗಿಸಿ ಬಂದಿದ್ದಾಳೆ, ಕಾಲು ನೋಯುತ್ತಿದೆ, ಬೆಡ್‌ಪ್ಯಾನ್ ತೊಳೆದಿದ್ದಾಳೆ. ಯುದ್ಧ ಮುಗಿದು, 1948ರಲ್ಲಿ ಬ್ರಿಟನ್ನಿನಲ್ಲಿ ಸರ್ಕಾರಿ ಆರೋಗ್ಯ ಸೇವೆ ಶುರುವಾದ ಮೇಲೆ, 1950ರ ದಶಕದಲ್ಲಿ ಡಾಕ್ಟರ್–ನರ್ಸ್ ಕಾದಂಬರಿಗಳು ಪುಂಖಾನುಪುಂಖವಾಗಿ ಬಂದವು.

ಇದರ ಮಹಾಮಾತೆ ಬೆಟ್ಟಿ ನೀಲ್ಸ್. ನರ್ಸ್ ಕೆಲಸದಿಂದ ನಿವೃತ್ತಿಯಾಗಿ ಕೂತಿದ್ದವರು. ಲೈಬ್ರರಿಯಲ್ಲಿ ಯಾರೋ ಹೆಂಗಸು ಒಳ್ಳೆ ಪ್ರೇಮ ಕಾದಂಬರಿಯೇ ಸಿಗುವುದಿಲ್ಲ ಎಂದು ಗೊಣಗುತ್ತಿದ್ದುದು ಕಿವಿಗೆ ಬಿದ್ದು, ತಾವೇ ಬರೆಯಲು ಕೂತರು. ಮೊದಲ ಪುಸ್ತಕ ಬಂದದ್ದು 1969ರಲ್ಲಿ, ಆಗ ಅವರ ವಯಸ್ಸು ಅರವತ್ತರ ಹತ್ತಿರ. ಆಮೇಲೆ ಒಟ್ಟು 134 ಕಾದಂಬರಿ. ನಾಯಕ ಬಹುಮಟ್ಟಿಗೆ ಡಚ್ ಸರ್ಜನ್: ಆರಡಿ ಮೀರಿದ ಎತ್ತರ, ದೊಡ್ಡ ಕಾರು, ಹಾಲೆಂಡಿನಲ್ಲಿ ಹಳೇ ಕಾಲದ ಮನೆ, ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳದ ಚಾಳಿ. ಲೇಖಕಿಯ ಗಂಡನೂ ಡಚ್ಚರವರೇ. ನಾಯಕಿ ಕೆಲಸದಲ್ಲಿ ಗಟ್ಟಿಗಿತ್ತಿ, ಕನ್ನಡಿಯ ಮುಂದೆ ಅಳುಕು. ಇಬ್ಬರೂ ಪುಟಗಟ್ಟಲೆ ಊಟ ಮಾಡುತ್ತಾರೆ, ಬೆಟ್ಟಿ ನೀಲ್ಸ್ ಮೆನು ಬರೆಯುವುದರಲ್ಲಿ ಜಿಪುಣತನ ತೋರಿಸಿದವರಲ್ಲ. ಪ್ರೇಮ ನಿವೇದನೆಗೆ ಕೊನೆಯ ಎರಡು ಪುಟ ಸಾಕು.

ನಡೆಸುವ ಕ್ರಮ: ಸರ್ಜನ್ ಮೊದಲ ಅಧ್ಯಾಯದಲ್ಲಿ ನರ್ಸನ್ನು ಗದರಲಿ. ಮಧ್ಯದಲ್ಲಿ ಒಂದು ಅಪಘಾತವಾಗಲಿ, ಇಬ್ಬರೂ ಒಟ್ಟಿಗೆ ಬೆವರು ಸುರಿಸಲಿ. ಅವನ ಪಕ್ಕದಲ್ಲಿ ಒಬ್ಬ ಬಿನ್ನಾಣಗಿತ್ತಿ ಕಾಣಿಸಿಕೊಳ್ಳಲಿ. ಅವಳು ತೆಳ್ಳಗಿರಬೇಕು, ಮಕ್ಕಳನ್ನೂ ನಾಯಿಯನ್ನೂ ಕಂಡರೆ ಆಗದವಳಾಗಿರಬೇಕು. ರೋಗಿಗಳಿಗೆ ಈ ಮಾದರಿಯಲ್ಲಿ ಹೆಚ್ಚು ಕೆಲಸವಿಲ್ಲ. ಹೊತ್ತಿಗೆ ಸರಿಯಾಗಿ ಗುಣವಾದರೆ ಸಾಕು.

ಶೇಖ್ ಮಾದರಿ, ಕೋಟ್ಯಧಿಪತಿ ಮಾದರಿ

ಎರಡರಲ್ಲೂ ಅಡ್ಡಿ ಒಂದೇ: ನಾಯಕ. ಇಂಗ್ಲೆಂಡಿನ ಡರ್ಬಿಶೈರಿನ ಇ. ಎಂ. ಹಲ್ ಎಂಬ ಗೃಹಿಣಿ, ಗಂಡ ಮೊದಲ ಮಹಾಯುದ್ಧಕ್ಕೆ ಹೋಗಿದ್ದಾಗ ಬರೆಯಲು ಕೂತು, 1919ರಲ್ಲಿ ‘ದ ಶೇಖ್’ ಹೊರತಂದರು. ಮರುಭೂಮಿ, ಕುದುರೆ, ಡೇರೆ, ಅಪಹರಣ. 1921ರಲ್ಲಿ ವ್ಯಾಲೆಂಟಿನೊ ನಟಿಸಿದ ಸಿನಿಮಾ ಬಂದು ಜಗತ್ತಿನ ಹೆಂಗಸರೆಲ್ಲ ಥಿಯೇಟರಿಗೆ ಧಾವಿಸಿದರು. ಬಲಾತ್ಕಾರವನ್ನು ಪ್ರೇಮದ ಮೊದಲ ಮೆಟ್ಟಿಲೆಂದು ತೋರಿಸುವ ಈ ಪುಸ್ತಕವನ್ನು ಇವತ್ತು ಓದಿದರೆ ಹೊಟ್ಟೆ ತೊಳೆಸುತ್ತದೆ. ತಮಾಷೆಯೆಂದರೆ ಕೊನೆಗೆ ಆ ಶೇಖ್ ಅರಬನೇ ಅಲ್ಲ, ಇಂಗ್ಲಿಷ್ ಅರ್ಲ್ ಒಬ್ಬನಿಗೂ ಸ್ಪೇನಿನ ಹೆಂಗಸಿಗೂ ಹುಟ್ಟಿದವನು ಎಂದು ತಿಳಿಯುತ್ತದೆ. ಕುಲಗೋತ್ರ ವಿಚಾರಿಸುವುದು ನಮ್ಮಲ್ಲಿ ಮಾತ್ರ ಎಂದು ಯಾರು ಹೇಳಿದರು?

ಶೇಖನ ಡೇರೆಯನ್ನು ಗಾಜಿನ ಕಟ್ಟಡಕ್ಕೆ ಸಾಗಿಸಿದರೆ ಕೋಟ್ಯಧಿಪತಿ ಮಾದರಿ ಸಿದ್ಧ. 2011ರ ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಇದರ ದೊಡ್ಡಣ್ಣ. ಅದು ಶುರುವಾಗಿದ್ದು ರಕ್ತಪಿಪಾಸುಗಳ ಕಥೆಯಾದ ‘ಟ್ವೈಲೈಟ್’ನ ಅಭಿಮಾನಿ ಬರಹವಾಗಿ, ರಕ್ತ ಹೀರುವವನನ್ನು ಕಂಪನಿ ಮಾಲೀಕನನ್ನಾಗಿ ಬದಲಾಯಿಸಲು ಹೆಚ್ಚೇನೂ ತಿದ್ದಬೇಕಾಗಲಿಲ್ಲ. ಬೆಂಗಳೂರಿನ ಐಟಿ ಬಳಕೆದಾರರಿಗೆ ವಿಶೇಷ ಸೂಚನೆ: ಈ ನಾಯಕ ಸೋಮವಾರ ಬೆಳಿಗ್ಗೆ ಒಂದು ಮೀಟಿಂಗಿಗೂ ಕೂರುವುದಿಲ್ಲ, ಅಪ್ರೈಸಲ್ ಮಾಡುವುದಿಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ. ಯಾಕೆ ಎಂದು ಕೇಳಬೇಡಿ, ಹೆಲಿಕಾಪ್ಟರ್ ಇದೆ.

ಅಲೌಕಿಕ ಮಾದರಿ

ಅಡ್ಡಿ: ಒಬ್ಬರು ಮನುಷ್ಯರಲ್ಲ, ಅಥವಾ ಈ ಕಾಲದವರಲ್ಲ. ಡಯಾನಾ ಗಬಾಲ್ಡನ್ನರ ‘ಔಟ್‌ಲ್ಯಾಂಡರ್’ (1991) ಕಾದಂಬರಿಯ ನರ್ಸ್ ಎರಡನೇ ಮಹಾಯುದ್ಧ ಮುಗಿಸಿ ಸ್ಕಾಟ್‌ಲೆಂಡಿಗೆ ಹೋಗಿ, ಕಲ್ಲುಕಂಬಗಳ ನಡುವಿನಿಂದ 1743ಕ್ಕೆ ಜಾರುತ್ತಾಳೆ. ಈಗ ಡ್ರ್ಯಾಗನ್ನು, ಯಕ್ಷರು, ಯುದ್ಧಶಾಲೆ ಎಲ್ಲ ಸೇರಿಸಿ ‘ರೊಮಾಂಟಸಿ’ ಎಂಬ ಹೊಸ ಮಾದರಿ ಬಿಸಿಬಿಸಿಯಾಗಿ ಹೋಗುತ್ತಿದೆ. ರೆಬೆಕಾ ಯಾರೋಸ್ ಅವರ 2023ರ ‘ಫೋರ್ತ್ ವಿಂಗ್’ ನೋಡಿ.

ಹೊಸದು ಎಂದು ಅಂಗಡಿಯವ ಹೇಳಿದರೆ ತಲೆಯಾಡಿಸಿ ಸುಮ್ಮನಿರಿ. ನಾಗವರ್ಮ ಕನ್ನಡಕ್ಕೆ ತಂದ ಬಾಣನ ‘ಕಾದಂಬರಿ’ಯಲ್ಲಿ ಪುಂಡರೀಕ ವಿರಹ ತಾಳದೆ ಸಾಯುತ್ತಾನೆ, ಚಂದ್ರನೇ ಇಳಿದು ಬಂದು ಅವನ ದೇಹವನ್ನು ಎತ್ತಿಕೊಂಡು ಹೋಗುತ್ತಾನೆ, ಮಹಾಶ್ವೇತೆ ಕಾಯುತ್ತಾಳೆ, ಅವನು ಮತ್ತೆ ಹುಟ್ಟಿ, ಶಾಪ ಹತ್ತಿ, ಗಿಳಿಯಾಗುತ್ತಾನೆ. ಅತ್ತ ನಾಯಕಿ ಕಾದಂಬರಿ ಕೂಡ ತನ್ನ ಚಂದ್ರಾಪೀಡನ ಕೊಳೆಯದ ದೇಹದ ಪಕ್ಕ ಕೂತು ಕಾಯುತ್ತಾಳೆ. ಇಷ್ಟಾದರೂ ಸುಖಾಂತ್ಯ! ಎರಡು ಜೋಡಿ, ಮೂರು ಜನ್ಮ, ಒಂದು ಗಿಳಿ. ತೋಳವಾಗುವ ನಾಯಕ, ಬಾವಲಿಯಾಗುವ ನಾಯಕ ಎಲ್ಲ ಇದರ ಮುಂದೆ ಕಲಿಕೆ ಲೈಸೆನ್ಸಿನವರು. ನೇಮಿಚಂದ್ರನ ‘ಲೀಲಾವತಿ’ಯಲ್ಲಂತೂ ಕಂದರ್ಪ, ಲೀಲಾವತಿ ಮೊದಲ ಸಲ ಭೇಟಿಯಾಗುವುದೇ ಕನಸಿನಲ್ಲಿ. ಫೋನ್ ನಂಬರ್ ತಗೊಳ್ಳದ ಭೇಟಿಗಳಲ್ಲಿ ಅದಕ್ಕೇ ಪ್ರಥಮ ಸ್ಥಾನ.

ಇತರ ಮಾದರಿಗಳು, ಚುಟುಕಾಗಿ

ಕೌಬಾಯ್: ಅಡ್ಡಿ, ದನ. ಅಮಿಶ್: ಅಡ್ಡಿ, ದೇವರು; ಬೆವರ್ಲಿ ಲೂಯಿಸ್ ಅವರ ‘ದ ಶನ್ನಿಂಗ್’ (1997) ಬಂದ ಮೇಲೆ, ಕರೆಂಟೂ ಕಾರೂ ಬೇಡವೆಂದು ಬದುಕುವ ಜನರ ಪ್ರೇಮಕಥೆಗಳನ್ನು ಕರೆಂಟೂ ಕಾರೂ ಇರುವವರು ಲಕ್ಷಗಟ್ಟಲೆ ಕೊಂಡರು. ಹಾಕಿ: ಅಡ್ಡಿ, ಟೂರ್ನಮೆಂಟು. ಕೊಡಗಿನವರು ಇದನ್ನು ಆಸೆಯಿಂದ ಕೊಂಡು ನಿರಾಶರಾಗಬಾರದು. ಇದು ಮಂಜುಗಡ್ಡೆಯ ಮೇಲೆ ಆಡುವ ಹಾಕಿ, ನಾಯಕನಿಗೆ ಮುಂದಿನ ಎರಡು ಹಲ್ಲು ಇಲ್ಲದಿದ್ದರೆ ಅದು ತಯಾರಿಕೆಯ ದೋಷವಲ್ಲ.

ಖಾರದ ಪ್ರಮಾಣ

ಈಚೆಗೆ ಓದುಗರು ಪುಸ್ತಕಕ್ಕೆ ಮೆಣಸಿನಕಾಯಿ ಲೆಕ್ಕದಲ್ಲಿ ಅಂಕ ಕೊಡುತ್ತಾರೆ. ಒಂದು ಮೆಣಸಿನಕಾಯಿ ಅಂದರೆ ಮಲಗುವ ಕೋಣೆಯ ಬಾಗಿಲು ಮುಚ್ಚಿದೆ. ಐದು ಅಂದರೆ ಮನೆಗೆ ಬಾಗಿಲೇ ಇಲ್ಲ. ಕ್ಯಾಥ್ಲೀನ್ ವುಡಿವಿಸ್ 1972ರಲ್ಲಿ ಅಮೆರಿಕದಲ್ಲಿ ‘ದ ಫ್ಲೇಮ್ ಅಂಡ್ ದ ಫ್ಲವರ್’ ಬರೆದು ಬಾಗಿಲು ತೆಗೆದರು, ಆಮೇಲೆ ಯಾರಿಗೂ ಮುಚ್ಚಲಾಗಲಿಲ್ಲ. ಇತ್ತ ಬಾರ್ಬರಾ ಕಾರ್ಟ್‌ಲೆಂಡ್ ಗುಲಾಬಿ ಬಟ್ಟೆ ತೊಟ್ಟು, ಸೋಫಾದ ಮೇಲೆ ಒರಗಿ, ಕಾರ್ಯದರ್ಶಿಗೆ ಹೇಳಿ ಬರೆಸುತ್ತ ಏಳುನೂರಕ್ಕೂ ಮೀರಿದ ಪುಸ್ತಕಗಳಲ್ಲಿ ನಾಯಕಿಯರ ಮಾನ ಕಾಪಾಡಿದರು. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳು ಬ್ಯಾಡಗಿ ಮೆಣಸಿನಕಾಯಿ ಜಾತಿಯವು: ನೋಡಲು ಕೆಂಪು, ನಾಲಿಗೆಗೆ ಮೃದು. ‘ಅವಳ ಕೆನ್ನೆ ರಂಗೇರಿತು’ ಎಂಬಲ್ಲಿಗೆ ‘ಸಶೇಷ’.

ಭಾರತದ ವೋಲ್ಟೇಜಿಗೆ ಹೊಂದಿಸುವಾಗ

ಎಚ್ಚರಿಕೆ. ಆಮದು ಮಾದರಿಗಳು ಮದುವೆಯ ಬಾಗಿಲಲ್ಲಿ ಆಫ್ ಆಗುವಂತೆ ವಿನ್ಯಾಸವಾದವು. ಕನ್ನಡದ ಮನೆಯಲ್ಲಿ ಸ್ವಿಚ್ ಇರುವುದೇ ಬಾಗಿಲಿನ ಒಳಗಡೆ. ಮದುವೆ ಮೊದಲ ಅಧ್ಯಾಯದಲ್ಲೇ ಆಗಿಹೋಗಿರುತ್ತದೆ. ಪ್ರೇಮ ಯಾವಾಗ ಬರುತ್ತದೆ ಎಂದು ಮಿಕ್ಕ ಪುಟಗಳು ಕಾಯುತ್ತವೆ. ವಾಣಿ ಅವರ ‘ಎರಡು ಕನಸು’ ನೆನಪಿಸಿಕೊಳ್ಳಿ: ಕಳೆದುಕೊಂಡ ಪ್ರೇಯಸಿಯನ್ನು ಮರೆಯಲಾರದ ಗಂಡ, ಅದೇ ಮನೆಯಲ್ಲಿ ಅವನ ಕಾಫಿ ತಂದಿಡುವ ಹೆಂಡತಿ. 1974ರ ಸಿನಿಮಾದಲ್ಲಿ ರಾಜ್‌ಕುಮಾರ್ ಗಂಡ, ಕಲ್ಪನಾ ಹೆಂಡತಿ. ಇಂಗ್ಲಿಷಿನವರು ಇದನ್ನು ‘ಅನುಕೂಲದ ಮದುವೆ’ ಎಂಬ ಉಪವರ್ಗಕ್ಕೆ ಸೇರಿಸಿ, ಅದಕ್ಕೊಂದು ಉಯಿಲಿನ ಷರತ್ತೋ ಡ್ಯೂಕನ ಸಾಲವೋ ಹುಡುಕುತ್ತಾರೆ. ನಮ್ಮಲ್ಲಿ ಕಾರಣ ಹುಡುಕುವ ಕಷ್ಟವಿಲ್ಲ, ದೊಡ್ಡವರು ಹೇಳಿದರು.

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನುವ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ನಮ್ಮ ಷರತ್ತುಗಳಲ್ಲಿ ಪಾಸಾಗುತ್ತದೆ. ಎಳೆಯ ವಿಧವೆ ಮನೆ ಬಿಟ್ಟು ಹೊರಬಂದು, ಓದಿ, ಮೆಚ್ಚಿದವನನ್ನು ಮದುವೆಯಾಗುತ್ತಾಳೆ. ಅಡ್ಡಿ ಅಲ್ಲಿ ಡ್ಯೂಕನ ಅಹಂಕಾರದ್ದಲ್ಲ, ಇಡೀ ಊರಿನದು. ಇಂಥ ಅಡ್ಡಿಗೆ ಸುಖಾಂತ್ಯ ಕೊಡಲು ಎದೆ ಗಟ್ಟಿಯಿರಬೇಕು.

ಆಮೇಲೆ ಬಂದ ತ್ರಿವೇಣಿ ವಾರಂಟಿ ಕಾರ್ಡನ್ನೇ ಹರಿದರು. ‘ಬೆಳ್ಳಿಮೋಡ’ದ ಬಿಡಿಭಾಗಗಳನ್ನು ಎಣಿಸಿ ನೋಡಿ: ಎಸ್ಟೇಟು, ಒಬ್ಬಳೇ ಮಗಳು ಇಂದಿರಾ, ಅವಳ ಅಪ್ಪನ ದುಡ್ಡಲ್ಲಿ ವಿದೇಶಕ್ಕೆ ಓದಲು ಹೋದ ಹುಡುಗ. ಅವನು ಬರುವಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟಿದ್ದಾನೆ, ಆಸ್ತಿ ಕೈತಪ್ಪುತ್ತದೆ, ಹುಡುಗನ ಪ್ರೇಮವೂ ತಪ್ಪುತ್ತದೆ. ಮುಂದೆ ಅವನೇ ಗಾಯಗೊಂಡು ಮಲಗುತ್ತಾನೆ; ಅವಳು ಶುಶ್ರೂಷೆ ಮಾಡುತ್ತಾಳೆ; ಅವನಿಗೆ ಬುದ್ಧಿ ಬರುತ್ತದೆ, ಮದುವೆಯಾಗೋಣ ಎನ್ನುತ್ತಾನೆ. ಬೆಟ್ಟಿ ನೀಲ್ಸರ ಯಂತ್ರದಲ್ಲಿ ಇಲ್ಲಿ ಹಸಿರು ದೀಪ ಹತ್ತಬೇಕು. ಇಂದಿರಾ ಬೇಡ ಅನ್ನುತ್ತಾಳೆ. ಶುಶ್ರೂಷೆ ಮಾಡಿದ್ದು ಗಾಯಕ್ಕೆ, ಗಂಡಿಗಲ್ಲ. ಪುಟ್ಟಣ್ಣ ಕಣಗಾಲ್ 1967ರಲ್ಲಿ ಇದನ್ನು ಸಿನಿಮಾ ಮಾಡಿದರು, ಜನ ಮುಗಿಬಿದ್ದು ನೋಡಿದರು. ದುಡ್ಡು ವಾಪಸ್ ಕೊಡಿ ಎಂದು ಯಾರೂ ಗಲಾಟೆ ಮಾಡಲಿಲ್ಲ. ‘ಶರಪಂಜರ’ದಲ್ಲಂತೂ ಪ್ರೇಮಿಸಿ ಮದುವೆಯಾದವನೇ, ಬಾಣಂತನದ ಚಿತ್ತವಿಕಾರದಿಂದ ಗುಣವಾಗಿ ಬಂದ ಹೆಂಡತಿಯನ್ನು ಮತ್ತೆ ಆಸ್ಪತ್ರೆಗೆ ಅಟ್ಟುವಂತೆ ಮಾಡುತ್ತಾನೆ. ಅಲ್ಲಿ ಅಡ್ಡಿ ಇರುವುದು ಸುಖಾಂತ್ಯದ ಆಚೆ. ಈ ಪುಸ್ತಕಗಳನ್ನು ‘ಹೆಂಗಸರ ಕಾದಂಬರಿ’ ಎಂದು ಮೂಲೆಗೆ ಸರಿಸಿದ ವಿಮರ್ಶಕರು, ಅಲ್ಲಿ ಕೇಳಿದ ಪ್ರಶ್ನೆಗಳಿಗೆ ಇನ್ನೂ ಉತ್ತರ ಬರೆದಿಲ್ಲ.

ಲಕೋಟೆಯೊಳಗಿನ ಸುಖಾಂತ್ಯ ಆದ ಮೇಲೆ ಏನು ಎಂದು ಕೇಳುವವರಿಗೆ, ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಬರೆದ ‘ದಾಂಪತ್ಯ ದೀಪಿಕೆ’ ಇದೆ. ಅದು ನಮ್ಮಂಥ ಹುಡುಗಾಟದ ಕೈಪಿ‌ಡಿಯಲ್ಲ, ಅಸಲಿ. ಬಹಳ ಮನೆಗಳಲ್ಲಿ ಅದು ಬೀರುವಿನ ಸೀರೆಗಳ ಅಡಿಯಲ್ಲಿ ಇರುತ್ತಿತ್ತು, ಸಾಯಿಸುತೆಯವರ ಕಾದಂಬರಿ ಮಂಚದ ಮೇಲೆ ರಾಜಾರೋಷವಾಗಿ ಬಿದ್ದಿರುತ್ತಿತ್ತು.

ತೊಂದರೆ ನಿವಾರಣೆ

ಇಬ್ಬರೂ ಮೂರನೇ ಅಧ್ಯಾಯದಲ್ಲೇ ಮನಸ್ಸು ಬಿಚ್ಚಿ ಮಾತಾಡಿಬಿಟ್ಟರೆ: ತಕ್ಷಣ ಒಂದು ಪತ್ರವನ್ನು ಕಳೆದುಹಾಕಿ. ಮೊಬೈಲ್ ಕಾಲದ ಕಥೆಯಾದರೆ ಚಾರ್ಜ್ ಮುಗಿಯಲಿ.

ವಸತಿಗೃಹದಲ್ಲಿ ಎರಡು ಹಾಸಿಗೆ ಸಿಕ್ಕರೆ: ತಯಾರಿಕಾ ದೋಷ. ಈ ಉದ್ಯಮದಲ್ಲಿ ಮಳೆ ಬಂದ ರಾತ್ರಿ ಯಾವ ಲಾಡ್ಜಿನಲ್ಲೂ ಒಂದಕ್ಕಿಂತ ಹೆಚ್ಚು ಹಾಸಿಗೆ ಇರಕೂಡದು.

ನಾಯಕನಿಗಿಂತ ಅವನ ತಮ್ಮನೇ ಮೇಲು ಅನಿಸಿದರೆ: ಸಹಜ. ಎರಡನೇ ಪುಸ್ತಕ ಕೊಳ್ಳಿ.

ಕನ್ನಡ ಮಾದರಿಯಲ್ಲಿ ಜೋಯಿಸರು ‘ಜಾತಕ ಕೂಡಿಬರುವುದಿಲ್ಲ’ ಎಂದರೆ: ಬೇರೆ ಜೋಯಿಸರು. ಸಾಹಿತ್ಯದಲ್ಲೂ ಸಂಸಾರದಲ್ಲೂ ಇದೊಂದೇ ಪರಿಹಾರ.

ನಾಯಕಿ ‘ಬೇಡ’ ಅಂದರೆ: ಹಾಗೇ ಬಿಡಿ. ಮುಟ್ಟಬೇಡಿ.

ವಿಲೇವಾರಿ

ಬಳಸಿದ ಪ್ರತಿಗಳನ್ನು ಏನು ಮಾಡುವುದು? ಬರ್ಮಿಂಗ್‌ಹ್ಯಾಮ್ ಬಳಿ 2003ರಲ್ಲಿ ತೆರೆದ ಎಂ6 ಟೋಲ್ ಹೆದ್ದಾರಿಯ ಮೇಲ್ಪದರಕ್ಕೆ ಸುಮಾರು 25 ಲಕ್ಷ ಮಿಲ್ಸ್ ಅಂಡ್ ಬೂನ್ ಪ್ರತಿಗಳನ್ನು ಅರೆದು, ಡಾಂಬರು ಬಿಟ್ಟುಕೊಳ್ಳದೆ ಹಿಡಿದುಕೊಳ್ಳಲೆಂದು ಬೆರೆಸಿದರು. ಪ್ರೇಮವನ್ನು ಹೀರಿಕೊಂಡ ಕಾಗದ ಡಾಂಬರನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆ ಎಂದು ಇಂಜಿನಿಯರುಗಳು ಕಂಡುಕೊಂಡಿದ್ದರು. ಬೆಂಗಳೂರಿನ ರಸ್ತೆಗಳಿಗೂ ಇದನ್ನು ಶಿಫಾರಸು ಮಾಡಬಹುದಿತ್ತು, ಅಷ್ಟು ಪ್ರತಿ ಸಾಲದು.

ಕನ್ನಡದ ಧಾರಾವಾಹಿ ಸಂಪುಟಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ‘ಸುಧಾ’ದಿಂದಲೋ ‘ತರಂಗ’ದಿಂದಲೋ ವಾರವಾರ ಕತ್ತರಿಸಿ, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ, ಗೋಣಿ ಹೊಲಿಯುವ ದಬ್ಬಣದಿಂದ ಹೊಲಿದ ಆ ಸಂಪುಟದಲ್ಲಿ ಒಂದು ಮಗ್ಗುಲಿಗೆ ಕಥೆ, ಇನ್ನೊಂದು ಮಗ್ಗುಲಿಗೆ ಸೋಪಿನ ಜಾಹೀರಾತು, ವಾರಭವಿಷ್ಯ, ಅರ್ಧ ತುಂಡಾದ ಬದನೆಕಾಯಿ ಎಣ್ಣೆಗಾಯಿ ಮಾಡುವ ವಿಧಾನ. ಇದನ್ನು ರದ್ದಿಗೆ ಹಾಕಬಾರದು. ನಡುವೆ ಒಂದು ಕಂತು ತಪ್ಪಿಹೋಗಿರುವುದು ಖಂಡಿತ, ಆ ವಾರ ಪತ್ರಿಕೆಯನ್ನು ಯಾರೋ ಬಸ್ಸಿನಲ್ಲಿ ಓದಲು ಒಯ್ದಿರುತ್ತಾರೆ. ಅದಕ್ಕಾಗಿ ಪ್ರಕಾಶಕರಿಗೆ ಕಾಗದ ಬರೆಯಬೇಡಿ. ಪಕ್ಕದ ಮನೆಯವರನ್ನು ಕೇಳಿ, ಅವರು ಪೂರ್ತಿ ಹೇಳುತ್ತಾರೆ. ಅವರು ಹೇಳಿದ ಕಂತಿನಲ್ಲಿ ಅತ್ತೆ ಅಚ್ಚಿನಲ್ಲಿದ್ದುದಕ್ಕಿಂತ ಒಂದು ಕೈ ಹೆಚ್ಚೇ ಕೆಟ್ಟವಳಾಗಿರುತ್ತಾಳೆ, ನಾಯಕಿ ಲೇಖಕಿ ಬರೆಯದ ಎರಡು ಮಾತು ಆಡಿ ಅವಳ ಬಾಯಿ ಮುಚ್ಚಿಸಿರುತ್ತಾಳೆ. ಈ ಸೇವೆಗೆ ಶುಲ್ಕವಿಲ್ಲ. ಸಂಪುಟವನ್ನು ಅವರಿಗೆ ಓದಲು ಕೊಟ್ಟರೆ ವಾಪಸ್ ಬರುವ ಬಗ್ಗೆ ನಮ್ಮ ಹೊಣೆಯೂ ಇಲ್ಲ.